ಲಂಡನ್ನಿನ ಹೊಗೆಯೂ ಶಾಸನವೂ

ಕಲ್ಲಿದ್ದಲಿನ ಹೊಗೆ ಲಂಡನ್ ನಗರಕ್ಕೆ ಹೊಸದಾಗಿರಲಿಲ್ಲ. 1661ರಷ್ಟು ಹಿಂದೆಯೇ ಜಾನ್ ಎವೆಲಿನ್ ಎಂಬ ವಿದ್ವಾಂಸನು ಆ ಧೂಮೋಪದ್ರವವನ್ನು ಕುರಿತು ಗ್ರಂಥವೊಂದನ್ನು ರಚಿಸಿ ದೊರೆ ಎರಡನೆಯ ಚಾರ್ಲ್ಸನಿಗೆ ಅರ್ಪಿಸಿದ್ದನು. ಆದರೆ ಹೊಗೆಯನ್ನು ದೂರುವುದು ಬೇರೆ, ಅದು ಪ್ರಾಣಹಾರಿಯೆಂದು ಸಪ್ರಮಾಣವಾಗಿ ಸ್ಥಾಪಿಸುವುದು ಬೇರೆ.

1952ರ ಡಿಸೆಂಬರ್ 5ರಿಂದ 9ರವರೆಗೆ, ಗಾಳಿಯ ಚಲನೆಯೇ ನಿಂತು, ಮೇಲೆ ಬೆಚ್ಚನೆಯ ವಾಯುಸ್ತರವು ಮುಚ್ಚಳದಂತೆ ಕವಿದು, ಮನೆಮನೆಯ ಅಗ್ಗಿಷ್ಟಿಕೆಗಳ ಹಾಗೂ ವಿದ್ಯುದಾಗಾರಗಳ ಹೊಗೆಯು ಮಂಜಿನೊಡನೆ ಬೆರೆತು ಬೀದಿಗಳಲ್ಲಿಯೇ ಮಡುಗಟ್ಟಿದಾಗ, ಆ ಪ್ರಮಾಣವು ಮರಣದ ದಾಖಲೆಗಳಲ್ಲಿಯೇ ದೊರಕಿತು. ಹೊಗೆಯ ಮತ್ತು ಗಂಧಕದ ಡೈಆಕ್ಸೈಡಿನ ದೈನಂದಿನ ಮಾಪನಗಳನ್ನು ಮೃತರ ದೈನಂದಿನ ಸಂಖ್ಯೆಯ ಪಕ್ಕದಲ್ಲಿರಿಸಿ ನೋಡಲಾಗಿ, ಎರಡೂ ಒಟ್ಟಿಗೆ ಏರಿದ್ದವು. ಮುಂದಿನ ಕೆಲವು ದಿನಗಳನ್ನೂ ಸೇರಿಸಿ ಎಂದಿಗಿಂತ ಸುಮಾರು 4,000 ಮಂದಿ ಅಧಿಕವಾಗಿ ಅಸುನೀಗಿದ್ದರು.

ಮೊದಲು ಹಿಂಜರಿದ ಸರ್ಕಾರವು 1953ರಲ್ಲಿ ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ 1954ರ ವರದಿಯು ಕಾರ್ಖಾನೆಗಳನ್ನಷ್ಟೇ ಅಲ್ಲದೆ ಗೃಹಸ್ಥರ ಒಲೆಯನ್ನೂ ದೋಷಿಯೆಂದು ತೋರಿಸಿದುದರಿಂದ, 1956ರ ಶುದ್ಧ ವಾಯು ಶಾಸನವು ಧೂಮನಿಯಂತ್ರಿತ ಪ್ರದೇಶಗಳಿಗೆ ಅವಕಾಶವಿತ್ತು, ಒಲೆಗಳನ್ನು ಬದಲಿಸಿಕೊಳ್ಳಲು ಸಹಾಯಧನವನ್ನೂ ಕಲ್ಪಿಸಿತು. ಪ್ರಜೆಯ ಮನೆಯೊಳಗಿನ ಬೆಂಕಿಯನ್ನು ಮುಟ್ಟುವ ಕಾನೂನಿಗೆ ಅಂಕಿಗಳ ಸಾಕ್ಷ್ಯವೊಂದೇ ಸಾಲದು, ವೆಚ್ಚದಲ್ಲಿ ಪಾಲುಗೊಳ್ಳುವ ಔದಾರ್ಯವೂ ಅವಶ್ಯಕವೆಂಬುದನ್ನು ಅದು ಅರಿತಿತ್ತು.