ಎಲೆಕ್ಟ್ರಾನುಗಳ ಲೆಕ್ಕ ನಂಬಿಕೆ ಗಳಿಸಿದ ಬಗೆ

ಒಂದು ಇಂಗಾಲದ ಪರಮಾಣುವಿಗೆ ಎರಡು ಹೈಡ್ರೋಜನ್ ಸೇರಿದರೆ ಮೆಥಿಲೀನ್. ಕ್ಷಣಮಾತ್ರ ಬಾಳುವ ಈ ಪುಟ್ಟ ಅಣುವಿನ ರೋಹಿತವನ್ನು ಕೆನಡಾದ ಒಟ್ಟಾವಾದಲ್ಲಿ ಹಿಡಿದವರು ಗೆರ್ಹಾರ್ಡ್ ಹರ್ಜ್‌ಬರ್ಗ್. ಮೂರೂ ಪರಮಾಣುಗಳು ಒಂದೇ ಗೆರೆಯಲ್ಲಿವೆ ಎಂದು 1960ರ ದಶಕದ ಆರಂಭದಲ್ಲಿ ಅವರು ತೀರ್ಮಾನಿಸಿದರು. ಅಣುಗಳ ರೋಹಿತದ ವಿಷಯದಲ್ಲಿ ಅವರದು ಕೊನೆಯ ಮಾತು. ಅಣು ಬಾಗಿದೆ ಎಂದು ಕೇಂಬ್ರಿಜ್‌ನ ಫಾಸ್ಟರ್ ಮತ್ತು ಬಾಯ್ಸ್ 1960ರಲ್ಲೇ ಲೆಕ್ಕ ಹಾಕಿ ಹೇಳಿದ್ದರೂ ಅದಕ್ಕೆ ತೂಕ ಸಿಗಲಿಲ್ಲ. 1970ರಲ್ಲಿ ಚಾರ್ಲ್ಸ್ ಬೆಂಡರ್ ಮತ್ತು ಬರ್ಕ್ಲಿಯ ತರುಣ ಹೆನ್ರಿ ಶೇಫರ್ ಇನ್ನೂ ನಿಖರವಾದ ಲೆಕ್ಕ ಮಾಡಿ, ಕೋನ ಸುಮಾರು 135 ಡಿಗ್ರಿ ಎಂದರು. ಅದೇ ವರ್ಷ ಬೇರೊಂದು ಬಗೆಯ ಪ್ರಯೋಗವೂ ಬಾಗಿದ ಅಣುವನ್ನೇ ತೋರಿಸಿತು. ಹರ್ಜ್‌ಬರ್ಗ್ ತಮ್ಮ ರೋಹಿತವನ್ನು ಮತ್ತೆ ಪರಿಶೀಲಿಸಿ ಅದನ್ನು ಒಪ್ಪಿಕೊಂಡರು.

ಆ ಹತ್ತು ವರ್ಷಗಳಲ್ಲಿ ಲೆಕ್ಕದ ಹಿಂದಿನ ಮೂಲ ಸಮೀಕರಣ ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಬಿಡಿಸುವ ವಿಧಾನ, ಬಂದ ಉತ್ತರದ ಮೇಲಿನ ಭರವಸೆ. ಅಣುಗಳ ಮತ್ತು ವಸ್ತುಗಳ ಎಲೆಕ್ಟ್ರಾನ್ ರಚನೆಯನ್ನು ಲೆಕ್ಕದಿಂದ ತಿಳಿಯುವ ಶಾಸ್ತ್ರದ ಚರಿತ್ರೆಯೆಲ್ಲ ಈ ಭರವಸೆಯನ್ನು ಒಂದೊಂದೇ ಮೆಟ್ಟಿಲಾಗಿ ಗಳಿಸಿದ ಕಥೆ.

ಸಮೀಕರಣ ಎರ್ವಿನ್ ಶ್ರೋಡಿಂಗರ್ ಅವರದು, 1926ರದು. ಮರುವರ್ಷವೇ ಹೈಟ್ಲರ್ ಮತ್ತು ಲಂಡನ್ ಅದನ್ನು ಹೈಡ್ರೋಜನ್ ಅಣುವಿಗೆ ಹಚ್ಚಿ, ಎರಡು ಪರಮಾಣುಗಳು ಏಕೆ ಬಂಧವಾಗುತ್ತವೆ ಎಂಬುದಕ್ಕೆ ಮೊದಲ ಸಮರ್ಪಕ ವಿವರಣೆ ಕೊಟ್ಟರು. ಆದರೆ ಅವರ ಲೆಕ್ಕದಲ್ಲಿ ಬಂಧದ ಶಕ್ತಿ ಪ್ರಯೋಗದಲ್ಲಿ ಕಂಡದ್ದರ ಮೂರನೇ ಎರಡು ಭಾಗದಷ್ಟೇ ಇತ್ತು. ರಸಾಯನಶಾಸ್ತ್ರದ ಬಹುಪಾಲಿಗೆ ಬೇಕಾದ ನಿಯಮಗಳೆಲ್ಲ ಸಿಕ್ಕಿವೆ, ತೊಡಕಿರುವುದು ಸಮೀಕರಣಗಳನ್ನು ಬಿಡಿಸುವುದರಲ್ಲಿ ಎಂದು ಪಾಲ್ ಡಿರಾಕ್ 1929ರಲ್ಲಿ ಬರೆದರು.

ತೊಡಕಿನ ಮೂಲ ಎಲೆಕ್ಟ್ರಾನುಗಳ ನಡುವಿನ ವಿಕರ್ಷಣೆ. ಒಂದು ಎಲೆಕ್ಟ್ರಾನ್ ಎಲ್ಲಿದೆ ಎಂಬುದು ಉಳಿದೆಲ್ಲವೂ ಎಲ್ಲಿವೆ ಎಂಬುದನ್ನು ಅವಲಂಬಿಸಿದೆ. ಬೆಂಜೀನ್ ಅಣುವಿನಲ್ಲಿ 42 ಎಲೆಕ್ಟ್ರಾನುಗಳಿವೆ; ಅವುಗಳ ಸ್ಥಾನ ಹೇಳಲು 126 ನಿರ್ದೇಶಾಂಕಗಳು ಬೇಕು. ಒಂದೊಂದಕ್ಕೆ ಹತ್ತೇ ಬಿಂದುಗಳನ್ನು ಇಟ್ಟುಕೊಂಡರೂ ಬರೆದಿಡಬೇಕಾದ ಸಂಖ್ಯೆಗಳು ಒಂದರ ಮುಂದೆ 126 ಸೊನ್ನೆಗಳಷ್ಟು. ಯಾವ ಕಂಪ್ಯೂಟರಿಗೂ ಇದು ನಿಲುಕದು.

ಇಂಗ್ಲೆಂಡಿನ ಡಗ್ಲಸ್ ಹಾರ್ಟ್ರಿ 1928ರಲ್ಲಿ ಒಂದು ದಾರಿ ತೆರೆದರು. ಪ್ರತಿ ಎಲೆಕ್ಟ್ರಾನ್ ಉಳಿದವುಗಳ ಸರಾಸರಿ ಪ್ರಭಾವಕ್ಕೆ ಮಾತ್ರ ಒಳಗಾಗಿದೆ ಎಂದು ಇಟ್ಟುಕೊಂಡು, ಉತ್ತರ ತನ್ನೊಂದಿಗೆ ತಾನೇ ಹೊಂದುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು ಅವರ ವಿಧಾನ. ಕೈಲೆಕ್ಕದಲ್ಲಿ ಅವರ ನಿವೃತ್ತ ತಂದೆ ವಿಲಿಯಂ ಹಾರ್ಟ್ರಿ ಜೊತೆಗಾರರಾದರು. ರಷ್ಯಾದ ವ್ಲಾದಿಮಿರ್ ಫಾಕ್ 1930ರಲ್ಲಿ ಇದಕ್ಕೆ ಕ್ವಾಂಟಮ್ ನಿಯಮದ ಒಂದು ಮುಖ್ಯ ತಿದ್ದುಪಡಿ ಸೇರಿಸಿದರು. ಹಾರ್ಟ್ರಿ–ಫಾಕ್ ವಿಧಾನದಲ್ಲಿ ಅಣುವಿನ ಒಟ್ಟು ಶಕ್ತಿಯ ಸುಮಾರು ಶೇ. 99 ಭಾಗ ಸಿಗುತ್ತದೆ. ಆದರೆ ಎಲೆಕ್ಟ್ರಾನುಗಳು ಸರಾಸರಿಯನ್ನು ನೋಡಿ ಓಡಾಡುವುದಿಲ್ಲ. ಜಾತ್ರೆಯ ಜನರಂತೆ ಎದುರು ಬಂದವರನ್ನು ತಪ್ಪಿಸಿಕೊಂಡು ಸಾಗುತ್ತವೆ. ಈ ತಪ್ಪಿಸಿಕೊಳ್ಳುವಿಕೆಯ ಶಕ್ತಿ ಉಳಿದ ಶೇ. 1ರಲ್ಲಿ ಅಡಗಿದೆ. ಬಂಧ ಮುರಿಯಲು ಬೇಕಾದ ಶಕ್ತಿಯೂ ಅದೇ ಗಾತ್ರದ್ದು. ಹಾಗಾಗಿ ರಸಾಯನಶಾಸ್ತ್ರಜ್ಞರಿಗೆ ಬೇಕಾದದ್ದೇ ಕೈ ತಪ್ಪಿ ಹೋಗುತ್ತಿತ್ತು.

ಈ ಶೇ. 1ರ ಬೆನ್ನು ಹತ್ತಿದ ಕೆಲಸ ಎರಡು ಕವಲುಗಳಾಯಿತು.

ಮೊದಲ ಕವಲು ಎಲ್ಲ ಎಲೆಕ್ಟ್ರಾನುಗಳನ್ನೂ ಒಟ್ಟಿಗೆ ವಿವರಿಸುವ ತರಂಗ ಫಲನವನ್ನೇ ಹಂತಹಂತವಾಗಿ ತಿದ್ದುತ್ತ ಹೋಯಿತು. 1950ರಲ್ಲಿ ಬಾಯ್ಸ್ ಅವರು ಗಾಸಿಯನ್ ಫಲನಗಳನ್ನು ಬಳಸಿ, ಬಹಳ ಕಷ್ಟದ ಸಮಾಕಲನಗಳನ್ನು ಸುಲಭ ಮಾಡಿದರು. ಜಾನ್ ಪೋಪಲ್ ತಂಡದ ಗಾಸಿಯನ್ 70 ಎಂಬ ಪ್ರೋಗ್ರಾಂ ಬಂದಮೇಲೆ ಈ ಲೆಕ್ಕ ಸಾಮಾನ್ಯ ರಸಾಯನಶಾಸ್ತ್ರಜ್ಞರ ಕೈಗೂ ಬಂತು. 1966ರಲ್ಲಿ ಪ್ರಾಗ್‌ನ ಯಿರಿ ಚಿಜೆಕ್ ಕಣಗಳ ಪರಸ್ಪರ ತಪ್ಪಿಸಿಕೊಳ್ಳುವಿಕೆಯನ್ನು ಲೆಕ್ಕಕ್ಕೆ ತರುವ ಕಪಲ್ಡ್ ಕ್ಲಸ್ಟರ್ ಸಿದ್ಧಾಂತವನ್ನು ಪರಮಾಣು ಬೀಜ ವಿಜ್ಞಾನದಿಂದ ಅಣುಗಳಿಗೆ ತಂದರು. ಮದ್ರಾಸ್ ಐಐಟಿಯಲ್ಲಿ ಓದಿದ ಕೃಷ್ಣನ್ ರಾಘವಾಚಾರಿ ಮತ್ತು ಸಂಗಡಿಗರು 1989ರಲ್ಲಿ ಅದಕ್ಕೆ ಕೊಟ್ಟ ರೂಪ ಇಂದಿಗೂ ಬೇರೆ ವಿಧಾನಗಳನ್ನು ಒರೆಹಚ್ಚುವ ಕಲ್ಲು. ಬಂಧಗಳು ಮುರಿಯುತ್ತಿರುವ ಸ್ಥಿತಿಗೂ ಈ ಸಿದ್ಧಾಂತವನ್ನು ಹಿಗ್ಗಿಸುವಲ್ಲಿ ಕೋಲ್ಕತ್ತದ ದೇಬಾಶಿಸ್ ಮುಖರ್ಜಿಯವರ ಪಾಲು ದೊಡ್ಡದು. 1989ರ ರೂಪದ ಮಿತಿ ಖರ್ಚಿನದು: ಅಣುವಿನ ಗಾತ್ರ ಎರಡು ಪಟ್ಟಾದರೆ ಲೆಕ್ಕದ ಕೆಲಸ 128 ಪಟ್ಟಾಗುತ್ತದೆ.

ಎರಡನೇ ಕವಲು ಪ್ರಶ್ನೆಯನ್ನೇ ಬದಲಿಸಿತು. ವಾಲ್ಟರ್ ಕೋನ್ ಮತ್ತು ಪಿಯರ್ ಹೋಹೆನ್‌ಬರ್ಗ್ 1964ರಲ್ಲಿ ಒಂದು ಪ್ರಮೇಯವನ್ನು ಸಾಧಿಸಿದರು. ಎಲ್ಲ ಎಲೆಕ್ಟ್ರಾನುಗಳ ನಿರ್ದೇಶಾಂಕಗಳೂ ಬೇಡ, ಪ್ರತಿ ಬಿಂದುವಿನಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಎಷ್ಟು ಎಂದು ಗೊತ್ತಿದ್ದರೆ ಕನಿಷ್ಠ ಶಕ್ತಿಯ ಸ್ಥಿತಿಯನ್ನು ನಿರ್ಧರಿಸಲು ಅಷ್ಟೇ ಸಾಕು. 126 ನಿರ್ದೇಶಾಂಕಗಳ ಜಾಗದಲ್ಲಿ ಮೂರು! ಮರುವರ್ಷ ಕೋನ್ ಮತ್ತು ಲು ಶಾಮ್ ಇದನ್ನು ಲೆಕ್ಕ ಹಾಕುವ ರೂಪಕ್ಕೆ ತಂದರು. ಸಾಂದ್ರತೆಯಿಂದ ಶಕ್ತಿಗೆ ಹೋಗುವ ಸೂತ್ರದ ಒಂದು ಭಾಗ ಮಾತ್ರ ಅಜ್ಞಾತ. ಅದನ್ನು ಅಂದಾಜು ಮಾಡಲೇಬೇಕು. ಘನವಸ್ತುಗಳ ಭೌತವಿಜ್ಞಾನಿಗಳು ಬೇಗ ಒಪ್ಪಿದರು, ರಸಾಯನಶಾಸ್ತ್ರಜ್ಞರು ಎರಡು ದಶಕ ಕಾದರು. 1988ರಲ್ಲಿ ಬೆಕೆ ಮತ್ತು ಲೀ–ಯಾಂಗ್–ಪಾರ್ ಕೊಟ್ಟ ಉತ್ತಮ ಅಂದಾಜುಗಳು ಅವರ ಮನಸ್ಸು ಬದಲಿಸಿದವು. 1998ರ ರಸಾಯನಶಾಸ್ತ್ರದ ನೊಬೆಲ್ ಕೋನ್ ಮತ್ತು ಪೋಪಲ್ ಇಬ್ಬರಿಗೂ ಹಂಚಿಕೆಯಾಗಿ, ಎರಡೂ ಕವಲುಗಳಿಗೆ ಮನ್ನಣೆ ದೊರೆಯಿತು.

ಈ ಸಾಂದ್ರತಾ ಸಿದ್ಧಾಂತದ ಸಾಮರ್ಥ್ಯಕ್ಕೆ ಹೈಡ್ರೋಜನ್ ಸಲ್ಫೈಡ್ ಸಾಕ್ಷಿ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲದಿಂದ ಬರುವ ಒಂದು ಸಂಯುಕ್ತ, ವಾತಾವರಣದ ಲಕ್ಷಾಂತರ ಪಟ್ಟು ಒತ್ತಡದಲ್ಲಿ, ಸುಮಾರು 200 ಕೆಲ್ವಿನ್‌ವರೆಗೂ ಅತಿವಾಹಕವಾಗಿರುತ್ತದೆ ಎಂದು ಚೀನಾದ ತಂಡವೊಂದು 2014ರಲ್ಲಿ ಲೆಕ್ಕದಿಂದಲೇ ಹೇಳಿತು. ಜರ್ಮನಿಯ ಮೈನ್ಸ್‌ನಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡ 2015ರಲ್ಲಿ 203 ಕೆಲ್ವಿನ್‌ನಲ್ಲಿ ಅದನ್ನು ಅಳೆದು ತೋರಿಸಿತು. ದೌರ್ಬಲ್ಯಕ್ಕೆ ಸಿಲಿಕಾನೇ ಸಾಕ್ಷಿ. ಅದರ ಎಲೆಕ್ಟ್ರಾನುಗಳ ತುಂಬಿದ ಮತ್ತು ಖಾಲಿ ಮಟ್ಟಗಳ ನಡುವಿನ ಶಕ್ತಿ ಅಂತರ 1.17 ಎಲೆಕ್ಟ್ರಾನ್ ವೋಲ್ಟ್. ಸರಳ ಅಂದಾಜಿನ ಲೆಕ್ಕದಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಇದನ್ನು ಸರಿಪಡಿಸಲು ಬೇರೆಯೇ ಸಿದ್ಧಾಂತ ಬೇಕಾಯಿತು.

ಬೆಂಗಳೂರು ಈ ಎರಡೂ ಬಗೆಯ ಕೆಲಸದ ನೆಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷ ಅವರು ಕೈಗೆತ್ತಿಕೊಂಡದ್ದು ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುವ ಇಂಗಾಲದ ಸರಪಳಿಗಳನ್ನು. ಸರಾಸರಿಯ ಲೆಕ್ಕ ಇಲ್ಲಿ ಉದ್ರಿಕ್ತ ಸ್ಥಿತಿಗಳ ಕ್ರಮವನ್ನೇ ತಪ್ಪಾಗಿ ಹೇಳುತ್ತದೆ. ಯಾವ ಸ್ಥಿತಿ ಕೆಳಗಿದೆ ಎಂಬುದರ ಮೇಲೆ ವಸ್ತು ಬೆಳಕು ಚೆಲ್ಲುವುದೋ ಇಲ್ಲವೋ ಎಂಬುದು ನಿಂತಿರುವುದರಿಂದ, ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಪೂರ್ಣವಾಗಿ ಲೆಕ್ಕಕ್ಕೆ ತರುವ ವಿಧಾನಗಳನ್ನು ಅವರು ಬೆಳೆಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಉಮೇಶ್ ವಾಘ್ಮಾರೆ ಸಾಂದ್ರತಾ ಸಿದ್ಧಾಂತದ ಹಾದಿ ಹಿಡಿದರು. ಗ್ರಾಫೀನ್‌ಗೆ ಎಲೆಕ್ಟ್ರಾನ್ ತುಂಬಿದಂತೆ ಅದರ ಕಂಪನ ಹೇಗೆ ಬದಲಾಗುತ್ತದೆ ಎಂಬುದನ್ನು ಅಜಯ್ ಸೂದ್ ಅವರ ಪ್ರಯೋಗಾಲಯ ರಾಮನ್ ಚದುರುವಿಕೆಯಿಂದ ಅಳೆದ 2008ರ ಪ್ರಬಂಧದಲ್ಲಿ ವಾಘ್ಮಾರೆ ಮತ್ತು ಎಚ್.ಆರ್. ಕೃಷ್ಣಮೂರ್ತಿ ಸಹಲೇಖಕರು. 2022ರಿಂದ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇಂಥ ಲೆಕ್ಕಗಳಿಗೆ ಒದಗಿದೆ.

ಇಷ್ಟಾದರೂ ಬಗ್ಗದ ಅಣುಗಳಿವೆ. ತೊಗರಿ, ಅಲಸಂದೆಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ನೈಟ್ರೋಜನ್ನನ್ನು ಸಾಮಾನ್ಯ ಉಷ್ಣತೆಯಲ್ಲೇ ಅಮೋನಿಯಾ ಮಾಡುತ್ತವೆ. ಕಾರ್ಖಾನೆಗೆ ಅದೇ ಕೆಲಸಕ್ಕೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಭಾರಿ ಒತ್ತಡ ಬೇಕು. ಬ್ಯಾಕ್ಟೀರಿಯಾದ ಕಿಣ್ವದಲ್ಲಿ ಆ ಕೆಲಸ ನಡೆಯುವುದು ಏಳು ಕಬ್ಬಿಣ, ಒಂದು ಮಾಲಿಬ್ಡಿನಮ್ ಇರುವ ಪುಟ್ಟ ಗೊಂಚಲಿನಲ್ಲಿ. ಅಲ್ಲಿ ಹತ್ತಾರು ಎಲೆಕ್ಟ್ರಾನುಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆಯೆಂದರೆ ಸರಾಸರಿಯಿಂದ ಶುರುಮಾಡಿ ತಿದ್ದುವ ಯಾವ ವಿಧಾನವೂ ಸುಲಭಕ್ಕೆ ದಡ ಮುಟ್ಟುವುದಿಲ್ಲ. ಕ್ವಾಂಟಮ್ ಕಂಪ್ಯೂಟರಿನಿಂದ ಏನು ಸಾಧ್ಯ ಎಂದು ಅಂದಾಜಿಸುವವರು 2017ರಿಂದ ಇದನ್ನೇ ಮಾದರಿ ಸಮಸ್ಯೆಯಾಗಿ ಇಟ್ಟುಕೊಂಡಿದ್ದಾರೆ. ಸಾಮಾನ್ಯ ಕಂಪ್ಯೂಟರಿನವರೂ ಪಟ್ಟು ಸಡಿಲಿಸಿಲ್ಲ. ಆ ಗೊಂಚಲಿನ ಮೇಲೆ ನೈಟ್ರೋಜನ್ನಿನ ಮೂರು ಬಂಧಗಳು ಯಾವ ಕ್ರಮದಲ್ಲಿ, ಎಷ್ಟು ಶಕ್ತಿ ಪಡೆದು ಸಡಿಲವಾಗುತ್ತವೆ ಎಂಬುದನ್ನು ಪ್ರಯೋಗ ಒಪ್ಪುವಷ್ಟು ನಿಖರವಾಗಿ ಲೆಕ್ಕ ಹಾಕುವುದು ಈಗ ಅವರೆಲ್ಲರ ಮುಂದಿರುವ ಕೆಲಸ.