ವಿಸ್ಕಿ ಪೀಟ್ಸ್

ಅಮೆರಿಕದ ನೆವಾಡಾ ರಾಜ್ಯದ ಪ್ರಿಮ್ ಎಂಬಲ್ಲಿ, ಕ್ಯಾಲಿಫೋರ್ನಿಯದ ಗಡಿಗೆ ಅಂಟಿಕೊಂಡಂತೆ 15ನೆಯ ಅಂತರರಾಜ್ಯ ಹೆದ್ದಾರಿಯ ಬದಿಗಿದ್ದ ಕ್ಯಾಸಿನೊ ಹೋಟೆಲ್. ಲಾಸ್ ವೇಗಸ್‌ನಿಂದ ಸು. 64 ಕಿಮೀ ದಕ್ಷಿಣದಲ್ಲಿದೆ. 1977ರಲ್ಲಿ ಅರ್ನೆಸ್ಟ್ ಪ್ರಿಮ್ ಆರಂಭಿಸಿದ. ಹಿಂದೆ ಇಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತ ಕಳ್ಳಭಟ್ಟಿ ಮಾರುತ್ತಿದ್ದ ಪೀಟ್ ಎಂಬಾತನಿಂದ ಹೆಸರು ಬಂದಿದೆ; ಕಣಿವೆ ಕಾಣುವಂತೆ ತನ್ನನ್ನು ನಿಂತ ಭಂಗಿಯಲ್ಲೇ ಹೂಳಬೇಕೆಂದು ಆತ ಕೇಳಿದ್ದನೆಂಬ ಪ್ರತೀತಿಯಿದೆ.

ಕಟ್ಟಡ ಕೋಟೆಯ ಆಕಾರದ್ದು. 1934ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ದರೋಡೆಕೋರ ಜೋಡಿ ಬಾನಿ ಮತ್ತು ಕ್ಲೈಡರ ಫೋರ್ಡ್ ಕಾರು, ಮೈತುಂಬ ಗುಂಡಿನ ತೂತುಗಳೊಂದಿಗೆ, ಬಹುಕಾಲ ಇಲ್ಲಿ ಪ್ರದರ್ಶನಕ್ಕಿತ್ತು.

ಏಳಿಗೆಗೆ ಕಾರಣ ಗಡಿಯೇ. ನೆವಾಡಾ 1931ರಲ್ಲಿ ಜೂಜನ್ನು ಸಕ್ರಮಗೊಳಿಸಿತು. ಕ್ಯಾಲಿಫೋರ್ನಿಯದಿಂದ ಬರುವವರಿಗೆ ಮೊದಲು ಸಿಗುತ್ತಿದ್ದ ಜೂಜಿನ ಮೇಜು ಇಲ್ಲಿಯದಾಗಿತ್ತು. ಕರ್ನಾಟಕ–ಗೋವಾ ಗಡಿಯಲ್ಲೂ ಇಂಥದೇ ವ್ಯತ್ಯಾಸವಿದೆ: ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ, ಗೋವಾದಲ್ಲಿ 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಿಗೆ ಸ್ಲಾಟ್ ಯಂತ್ರಗಳನ್ನು ಬಿಟ್ಟುಕೊಟ್ಟಿತು. ಬೆಳಗಾವಿಯ ಅನಗೋಳದಿಂದ ಖಾನಾಪುರ ದಾಟಿ ಘಟ್ಟ ಇಳಿಯುವ ಕಾರುಗಳಲ್ಲಿ ಕೆಲವಕ್ಕಾದರೂ ಇದೇ ಲೆಕ್ಕಾಚಾರ. ಆದರೆ ಗೋವಾದ ಹೆಸರಾಂತ ಕ್ಯಾಸಿನೊಗಳಿರುವುದು ಗಡಿಯಲ್ಲಲ್ಲ, ಪಣಜಿಯ ಮಾಂಡವಿ ನದಿಯಲ್ಲಿ ನಿಂತ ಹಡಗುಗಳಲ್ಲಿ.

ವಿಸ್ಕಿ ಪೀಟ್ಸ್ ಪಕ್ಕದಲ್ಲಿ 1990ರಲ್ಲಿ ಪ್ರಿಮಡೋನಾ, 1994ರಲ್ಲಿ ಬಫಲೋ ಬಿಲ್ಸ್ ಕ್ಯಾಸಿನೊಗಳು ತೆರೆದವು. ಕ್ಯಾಲಿಫೋರ್ನಿಯ 2000ದಲ್ಲಿ ಮೂಲನಿವಾಸಿಗಳ ಕ್ಯಾಸಿನೊಗಳಿಗೆ ಹಾದಿ ತೆರೆದ ಮೇಲೆ ಗಡಿಯ ಆಕರ್ಷಣೆ ಕುಂದಿತು. ವಿಸ್ಕಿ ಪೀಟ್ಸ್ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು.