ಮುಂಗಡದ ಜಾಡು: ವಿಜಯಪುರ ಸೀಮೆಯ ಗುಳೆ ಮತ್ತು ಮಾನವ ಸಾಗಣೆಯ ತನಿಖೆ

2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಜಮಖಂಡಿ ತಾಲೂಕಿನ ಮೂವರು ಕಾರ್ಮಿಕರನ್ನು ಪೈಪಿನಿಂದ ಥಳಿಸಿದ ವಿಡಿಯೊ ನಾಡನ್ನು ತಲ್ಲಣಗೊಳಿಸಿತು. ಮುಂಗಡ ಪಡೆದಿದ್ದ ಅವರು ಸಂಕ್ರಾಂತಿಗೆ ಊರಿಗೆ ಹೋಗಿದ್ದೇ ಹಲ್ಲೆಗೆ ನೆಪವಾಗಿತ್ತು. ಆರೋಪಿಗಳ ಬಂಧನವೂ ಆಯಿತು. ಹಲ್ಲೆಗೆ ಗಾಯವೇ ಸಾಕ್ಷಿ. ಅದರ ಹಿಂದಿನ ಮುಂಗಡದ ವ್ಯವಹಾರವನ್ನು ನ್ಯಾಯಾಲಯದಲ್ಲಿ ಅಪರಾಧವೆಂದು ಸಾಬೀತುಪಡಿಸುವ ಬಗೆ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ.

ವಿಜಯಪುರ ದುಡಿಯಲು ಹೋಗುವವರ ಜಿಲ್ಲೆಯೂ ಹೌದು, ಬರುವವರ ಜಿಲ್ಲೆಯೂ ಹೌದು. ತಿಕೋಟಾದ ದ್ರಾಕ್ಷಿ ತೋಟಗಳು ಕೂಲಿಯಾಳುಗಳನ್ನು ಕರೆಸಿಕೊಂಡರೆ, ಇದೇ ಸೀಮೆಯ ತಾಂಡಾಗಳಿಂದ ಸಂಸಾರಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತವೆ. 2023ರ ಡಿಸೆಂಬರಿನಲ್ಲಿ ನಗರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳಡಿ ಸಿಲುಕಿ ಸತ್ತ 7 ಕಾರ್ಮಿಕರು ಬಿಹಾರದವರು.

ಗುಳೆ ಹೋಗುವುದು ತಪ್ಪಲ್ಲ. ದೇಶದ ಯಾವ ಮೂಲೆಗೂ ಹೋಗಿ ದುಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅಪರಾಧ ಹುಟ್ಟುವುದು ಆಳು ಒದಗಿಸುವ ಗುತ್ತಿಗೆದಾರನಾದ ಮುಕಾದಮ ಸುಳ್ಳು ಹೇಳಿ, ತೀರದ ಸಾಲ ಹೊರಿಸಿ, ಆಳನ್ನು ಒಯ್ದು ಒಪ್ಪಿಸಿದಾಗ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಡಿ ಗುತ್ತಿಗೆದಾರನಿಗೆ ಪರವಾನಗಿ, ಕಾರ್ಮಿಕನಿಗೆ ಪಾಸ್‌ಬುಕ್ ಕಡ್ಡಾಯವಿತ್ತು. ಅದು ಐವರು ಅಂತರರಾಜ್ಯ ಕಾರ್ಮಿಕರಿರುವ ಸಂಸ್ಥೆಗೂ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಅದರ ಬದಲಿಗೆ ಜಾರಿಗೆ ಬಂದ ಕಾರ್ಮಿಕ ಸಂಹಿತೆ ಆ ಮಿತಿಯನ್ನು ಹತ್ತಕ್ಕೆ ಏರಿಸಿದೆ. ಸಣ್ಣ ಭಟ್ಟಿಗಳು ತಪ್ಪಿಸಿಕೊಳ್ಳಲು ಇದು ದಾರಿ ಮಾಡಿಕೊಟ್ಟಿದೆ ಎಂಬುದೇ ನನ್ನ ಆತಂಕ. ಜಮಖಂಡಿಯಿಂದ ವಿಜಯಪುರಕ್ಕೆ ಬಂದವರಿಗಂತೂ ಅಂತರರಾಜ್ಯದ ನಿಯಮ ಸಲ್ಲುವುದೇ ಇಲ್ಲ.

ಹೀಗಾಗಿ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಗಟ್ಟಿ ಆಸರೆ. ಅದರ 15ನೇ ಕಲಮಿನ ಪ್ರಕಾರ, ಕಾರ್ಮಿಕನು ಇದು ಜೀತದ ಸಾಲವೆಂದರೆ ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ, ಹೇಳಿದೆ.

ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಶೋಷಣೆಗಾಗಿ ವಂಚಿಸಿ ಅಥವಾ ಬಲವಂತದಿಂದ ಆಳು ನೇಮಿಸುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಒಪ್ಪಿಸುವುದು, ಪಡೆಯುವುದು ಇವೆಲ್ಲ ಬಿಡಿಬಿಡಿಯಾಗಿಯೂ ಮಾನವ ಸಾಗಣೆಯೇ. ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ. ತಿಕೋಟಾದ ತಾಂಡಾದಲ್ಲಿ ಹೀಗೆ ಆಳು ಹಿಡಿದಿದ್ದರೆ, ಶೋಷಣೆ ಸಾಂಗ್ಲಿಯಲ್ಲಿ ನಡೆದರೂ ತಿಕೋಟಾ ಠಾಣೆ ಮೊಕದ್ದಮೆ ಹೂಡಬಹುದು. 111ನೇ ಕಲಮು ಮಾನವ ಸಾಗಣೆಯನ್ನು ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿದ್ದರೂ, ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪಪಟ್ಟಿ ಇರಬೇಕೆನ್ನುತ್ತದೆ. ಪ್ರತಿ ಪ್ರಕರಣವೂ ಬರೀ ಹೊಡೆದಾಟವೆಂದು ದಾಖಲಾದರೆ ಆ ಲೆಕ್ಕ ಎಂದಿಗೂ ಕೂಡುವುದಿಲ್ಲ.

ತನಿಖಾಧಿಕಾರಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಮುಕಾದಮನ ಲೆಕ್ಕದ ವಹಿ. ಹೆಬ್ಬೆಟ್ಟು ಒತ್ತಿಸಿಕೊಂಡ ಖಾಲಿ ಬಾಂಡು, ಮೊಬೈಲಿನಲ್ಲಿ ಹಣ ಸಂದ ದಾಖಲೆ, ಆಳು ಸಾಗಿಸಿದ ವಾಹನದ ಬಾಡಿಗೆ, ಕರೆಗಳ ವಿವರ ಇವನ್ನು ಜೋಡಿಸಿದರೆ ಮುಕಾದಮನಿಂದ ಮಾಲೀಕನವರೆಗೆ ದಾರಿ ತೆರೆಯುತ್ತದೆ. ಸಾಕ್ಷಿದಾರರು ಮುಂದಿನ ಹಂಗಾಮಿಗೆ ಚದುರಿಹೋಗುವ ಮುನ್ನವೇ ಮ್ಯಾಜಿಸ್ಟ್ರೇಟರ ಎದುರು ಅವರ ಹೇಳಿಕೆ ದಾಖಲಾಗಬೇಕು. ಜೀತದಿಂದ ಬಿಡುಗಡೆಯಾದ ಪತ್ರವೂ ಅವರ ಕೈಸೇರಬೇಕು. ಹಳೆಯ ಮುಂಗಡದ ಭಯ ಇರುವವರೆಗೆ ಯಾರೂ ಕಟಕಟೆಯಲ್ಲಿ ಬಾಯಿ ಬಿಡುವುದಿಲ್ಲ. ತಿಕೋಟಾ, ಬಬಲೇಶ್ವರದ ತಹಶೀಲ್ದಾರರು ಹಾಗೂ ಠಾಣೆಗಳು ಕಬ್ಬಿನ ಹಂಗಾಮಿಗೆ ಮುನ್ನವೇ ತಾಂಡಾಗಳಿಗೆ ಒಟ್ಟಾಗಿ ಹೋಗಿ, ಯಾರು ಯಾರಿಂದ ಎಷ್ಟು ಮುಂಗಡ ಪಡೆದು ಎಲ್ಲಿಗೆ ಹೊರಟಿದ್ದಾರೆಂದು ಬರೆದುಕೊಳ್ಳುವ ಕೆಲಸವನ್ನು ಈ ವರ್ಷವೇ ಆರಂಭಿಸಲಿ.